ವಿಜ್ಞಾನದ ಪಾಠ ಮತ್ತು ಉಪಾಧ್ಯಾಯನ ಧರ್ಮ

ಜೀವಿಗಳ ಜಟಿಲವಾದ ರಚನೆಯ ಹಿಂದೆ ಬುದ್ಧಿಶಾಲಿಯಾದ ಕರ್ತೃವೊಬ್ಬನಿರಲೇಬೇಕೆಂಬ ವಾದವನ್ನು ಪ್ರೌಢಶಾಲೆಯ ವಿಜ್ಞಾನ ತರಗತಿಯಲ್ಲಿ ಹೇಳಬಹುದೇ? ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಡೋವರಿನಲ್ಲಿ ಈ ಪ್ರಶ್ನೆ ನ್ಯಾಯಾಲಯದವರೆಗೂ ಹೋಯಿತು.

ಡಾರ್ವಿನ್ನನ ವಿಕಾಸವಾದದಲ್ಲಿ ಕೊರತೆಗಳುಂಟು, ಈ ರಚನಾವಾದವೂ ಒಂದು ವಿವರಣೆ ಎಂಬ ಪ್ರಕಟನೆಯನ್ನು 9ನೆಯ ತರಗತಿಯವರಿಗೆ ಓದಿ ಹೇಳಬೇಕೆಂದು 2004ರಲ್ಲಿ ಅಲ್ಲಿಯ ಶಾಲಾಮಂಡಲಿಯು ವಿಧಿಸಿತು. ವಿಜ್ಞಾನದ ಉಪಾಧ್ಯಾಯರು ಒಪ್ಪಲಿಲ್ಲ. ಪಾಠದ ವಿಷಯವನ್ನು ತಿಳಿದೂ ತಪ್ಪಾಗಿ ನಿರೂಪಿಸುವುದು ವೃತ್ತಿಧರ್ಮಕ್ಕೆ ವಿರುದ್ಧವೆಂದರು. 2005ರ ಜನವರಿಯಲ್ಲಿ ಆಡಳಿತಾಧಿಕಾರಿಗಳೇ ಅದನ್ನು ಓದಬೇಕಾಯಿತು. 11 ಮಂದಿ ಪೋಷಕರು ಹೂಡಿದ್ದ ದಾವೆಯಲ್ಲಿ, ಅದೇ ವರ್ಷ ಡಿಸೆಂಬರ್ 20ರಂದು ನ್ಯಾಯಾಧೀಶ ಜಾನ್ ಜೋನ್ಸರು, ಈ ವಾದವು ವಿಜ್ಞಾನವಲ್ಲ, ಸರ್ಕಾರಿ ಶಾಲೆಯ ವಿಜ್ಞಾನ ತರಗತಿಯಲ್ಲಿ ಇದನ್ನು ಬೋಧಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತರು.

ಎರಡು ಪಕ್ಷಗಳನ್ನೂ ತಿಳಿಸುವುದು ನ್ಯಾಯವಲ್ಲವೇ ಎಂದು ಕೇಳಬಹುದು. ತತ್ತ್ವವಿಚಾರದಲ್ಲಿ ಹೌದು. ಸೃಷ್ಟಿಕರ್ತನನ್ನು ನಂಬುವುದು ದೋಷವೂ ಅಲ್ಲ. ವಿಜ್ಞಾನದಲ್ಲಾದರೋ, ಪ್ರಯೋಗ ವೀಕ್ಷಣೆಗಳ ಪರೀಕ್ಷೆಗೆ ಒಳಪಡುವ ಮಾತಿಗೆ ಮಾತ್ರ ಸ್ಥಾನ. ಮಗುವು ಗುರುವಿನ ಮಾತನ್ನು ಪರೀಕ್ಷಿಸಿ ಒಪ್ಪುವುದಿಲ್ಲ, ನಂಬಿ ಒಪ್ಪುತ್ತದೆ. ಪರೀಕ್ಷಿಸುವ ಭಾರ ಗುರುವಿನದಾಗುವುದು ಆ ನಂಬಿಕೆಯಿಂದಲೇ. ಡೋವರಿನ ಉಪಾಧ್ಯಾಯರು ಹೊತ್ತದ್ದು ಆ ಭಾರವನ್ನೇ.