ಒಂದೇ ಮೇಜು, ಎರಡು ರುಚಿ

ವಿವಾಹ ಸಿದ್ಧತಾ ಶಿಬಿರದಲ್ಲಿ ತರುಣಿಯೊಬ್ಬಳು ಕೇಳಿದಳು: "ಸ್ವಾಮಿ, ನಾನು ಮಾಂಸ ಮುಟ್ಟುವುದಿಲ್ಲ, ಕುವೆಂಪು ಕಾದಂಬರಿ ಹಿಡಿದರೆ ಊಟವನ್ನೇ ಮರೆಯುತ್ತೇನೆ. ಇವರಿಗೆ ಭಾನುವಾರ ಹಂದಿಮಾಂಸ ಬೇಕೇ ಬೇಕು, ಕ್ರೀಡಾಪುಟದಾಚೆ ಓದಿದವರಲ್ಲ. ಹೊಂದಿಕೆಯಾದೀತೇ?"

ನಕ್ಕು ತಳ್ಳಿಹಾಕುವ ಪ್ರಶ್ನೆಯಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1055ನೆಯ ವಿಧಿಯು ವಿವಾಹವನ್ನು ಇಡೀ ಬಾಳಿನ ಸಹಭಾಗಿತ್ವವೆನ್ನುತ್ತದೆ. ಅದರಲ್ಲಿ ಅಡುಗೆಮನೆಯೂ ಸೇರಿತಷ್ಟೆ. ರೋಮಿನ ಕ್ರೈಸ್ತರಲ್ಲಿಯೂ ಮಾಂಸ ತಿನ್ನುವವರಿದ್ದರು, ಬರಿಯ ಸೊಪ್ಪುತರಕಾರಿ ಉಣ್ಣುವವರಿದ್ದರು. ಅವರಿಗೆ ಬರೆದ ಪತ್ರದ 14ನೆಯ ಅಧ್ಯಾಯದಲ್ಲಿ ಸಂತ ಪೌಲರು ಪರಸ್ಪರ ತಿರಸ್ಕಾರವನ್ನು ಖಂಡಿಸಿದರು. ಸೋದರನ ಮನಸ್ಸಾಕ್ಷಿಗೆ ಎಡರಾದರೆ ಮಾಂಸ ಬಿಡುವುದೇ ಲೇಸೆಂದರು. ನಮ್ಮ ಮನೆಗಳಲ್ಲಿ ಮಾತ್ರ ರುಚಿ ಬಿಡುವ ಸರದಿ ಸದಾ ಹೆಂಗಸರದೇ!

ಅಡುಗೆಗೆ ಎರಡು ಪಾತ್ರೆ ಇಡಬಹುದು. ಪುಸ್ತಕದ ಮಾತು ಬೇರೆ: ಅದನ್ನು ಹೀಗಳೆದರೆ ಓದುವವಳನ್ನೇ ಹೀಗಳೆದಂತೆ. ವರನನ್ನು ಕೇಳಿದೆ: "ಆ ಕಾದಂಬರಿಯಲ್ಲಿ ಏನಿದೆಯೆಂದು ಒಮ್ಮೆಯಾದರೂ ಕೇಳಿದ್ದೀಯಾ?"

ಆತ ಅವಳತ್ತ ನೋಡಿದ. "ಇಲ್ಲ, ಸ್ವಾಮಿ."