ಗಣಕಯಂತ್ರದ ಅನುಕೂಲವೂ ಅಚೌರ್ಯವ್ರತವೂ

ಮೇಜಿನ ಮೇಲೆ ಬಿಚ್ಚಿಟ್ಟ ಪತ್ರವಾದರೂ ತನಗೆ ಬರೆದುದಲ್ಲವಾದರೆ ಓದಬಾರದೆಂದು ಹಿರಿಯರು ಮಕ್ಕಳಿಗೆ ಕಲಿಸುತ್ತ ಬಂದಿದ್ದಾರೆ. ಇಂದು ಪತ್ರ, ಲೆಕ್ಕದ ಪುಸ್ತಕ, ಭಾವಚಿತ್ರ, ವಿಳಾಸಪಟ್ಟಿ ಎಲ್ಲವೂ ಗಣಕಯಂತ್ರ ಹಾಗೂ ಟ್ಯಾಬ್ಲೆಟ್‌ಗಳೊಳಗೆ ಸೇರಿವೆ. ಪತ್ರವು ಕಾಗದವನ್ನು ಬಿಟ್ಟ ಮಾತ್ರಕ್ಕೆ ಆ ಮರ್ಯಾದೆಯೂ ಇಲ್ಲವಾಗಬೇಕೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಅನುಕೂಲತೆಯು ಸ್ವತಃ ದೋಷವಲ್ಲ. ಗುಪ್ತಪದಗಳನ್ನು ನೆನಪಿಡುವ ಸೌಲಭ್ಯ, ನಕಲು ಮಾಡಿದ ಬರಹಗಳನ್ನು ಕೂಡಿಡುವ ಸೌಲಭ್ಯ, ಮಾತನ್ನು ಕೇಳಿ ಬರೆದುಕೊಳ್ಳುವ ಸೌಲಭ್ಯ ಇವು ವೃದ್ಧರಿಗೂ ದೃಷ್ಟಿಮಾಂದ್ಯ ಉಳ್ಳವರಿಗೂ ಮಹದುಪಕಾರಿಗಳು. ಆದರೆ ಇವುಗಳಲ್ಲಿ ಬಹುಪಾಲು ಯಂತ್ರದ ನೆನಪನ್ನು ಅವಲಂಬಿಸಿವೆ. ಆ ನೆನಪಿನಲ್ಲಿ ಯಾರ ವಿಷಯ ಸೇರುತ್ತದೆ, ಯಾರ ಒಪ್ಪಿಗೆಯಿಂದ ಸೇರುತ್ತದೆ ಎಂಬಲ್ಲಿ ಧರ್ಮಪ್ರಶ್ನೆ ಹುಟ್ಟುತ್ತದೆ.

2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ‘ರೀಕಾಲ್’ ಎಂಬ ಸೌಲಭ್ಯವನ್ನು ಪ್ರಕಟಿಸಿತು. ಪರದೆಯ ಮೇಲೆ ಕಂಡುದನ್ನು ಕೆಲವು ಕ್ಷಣಗಳಿಗೊಮ್ಮೆ ಚಿತ್ರವಾಗಿ ಉಳಿಸಿ, ಮುಂದೆ ಬೇಕಾದಾಗ ಹುಡುಕಿಕೊಡುವುದು ಇದರ ಕೆಲಸ. ಚಿತ್ರಗಳು ಯಂತ್ರದೊಳಗೇ ಉಳಿಯುವುವೆಂದು ಸಂಸ್ಥೆ ಹೇಳಿದರೂ ಭದ್ರತಾ ತಜ್ಞರ ಆಕ್ಷೇಪ ಬಲವಾಗಿತ್ತು. ಜೂನ್ ತಿಂಗಳಲ್ಲಿ ಸಂಸ್ಥೆಯು ಬಳಕೆದಾರನೇ ಆರಿಸಿಕೊಂಡರೆ ಮಾತ್ರ ಅದು ಚಾಲನೆಗೊಳ್ಳುವಂತೆ ಬದಲಿಸಿ, ಬಿಡುಗಡೆಯನ್ನು ಮುಂದೂಡಿತು. 2025ರ ಏಪ್ರಿಲ್‌ನಲ್ಲಿ ಅದು ಹೊರಬಂದಿತು. ಹೀಗಿದ್ದರೂ ಒಂದು ಸಂಗತಿ ಉಳಿಯುತ್ತದೆ. ಯಂತ್ರದ ಒಡೆಯನು ಒಪ್ಪಿದನು. ಅವನಿಗೆ ತನ್ನ ದುಃಖವನ್ನು ಬರೆದು ಕಳುಹಿಸಿದ ಮಿತ್ರನು ಒಪ್ಪಿದನೆ?

ವಿಳಾಸಪಟ್ಟಿಯ ವಿಷಯವೂ ಹೀಗೆಯೇ. ಹೊಸ ತಂತ್ರಾಂಶವೊಂದು ಸಂಪರ್ಕಗಳನ್ನು ನೋಡಲು ಅನುಮತಿ ಕೇಳುತ್ತದೆ. ಬೆರಳು ‘ಸಮ್ಮತಿ’ಯನ್ನು ಒತ್ತುತ್ತದೆ. ಆ ಕ್ಷಣದಲ್ಲಿ ನೂರಾರು ಬಂಧುಮಿತ್ರರ ಹೆಸರು, ಸಂಖ್ಯೆಗಳು ಪರರ ಪಾಲಾಗಬಹುದು. ಅವರು ಅವುಗಳನ್ನು ಈ ಗೃಹಸ್ಥನಿಗೆ ಕೊಟ್ಟಿದ್ದರೇ ಹೊರತು ಆ ತಂತ್ರಾಂಶಕ್ಕೆ ಕೊಟ್ಟಿರಲಿಲ್ಲ. ಕೊಡದ ವಸ್ತುವನ್ನು ತೆಗೆದುಕೊಳ್ಳುವುದು ಚೌರ್ಯವಾದರೆ, ತನ್ನದಲ್ಲದುದನ್ನು ಇನ್ನೊಬ್ಬರಿಗೆ ಕೊಟ್ಟುಬಿಡುವುದನ್ನು ಏನೆಂದು ಕರೆಯಬೇಕು?

ತತ್ತ್ವಾರ್ಥಸೂತ್ರವು ಸತ್ಯವ್ರತದ ಅತಿಚಾರಗಳಲ್ಲಿ ರಹೋಭ್ಯಾಖ್ಯಾನ, ನ್ಯಾಸಾಪಹಾರ, ಸಾಕಾರಮಂತ್ರಭೇದಗಳನ್ನು ಸೇರಿಸಿರುವುದು ಇಲ್ಲಿ ಸ್ಮರಣೀಯ. ಏಕಾಂತದ ವಿಷಯವನ್ನು ಬಯಲುಮಾಡುವುದು ಮೊದಲನೆಯದು. ಇಟ್ಟ ಒತ್ತೆಯನ್ನು ಅದರ ಒಡೆಯನು ಮರೆತು ಕಡಿಮೆ ಕೇಳಿದಾಗ, ಅಷ್ಟೇ ಎಂದು ಒಪ್ಪಿ ಉಳಿದುದನ್ನು ಇಟ್ಟುಕೊಳ್ಳುವುದು ಎರಡನೆಯದು. ಚೇಷ್ಟೆ, ಇಂಗಿತಗಳಿಂದ ಪರರ ಮನಸ್ಸನ್ನು ಊಹಿಸಿ ಹೊರಗೆಡಹುವುದು ಮೂರನೆಯದು. ಬಳಕೆದಾರನು ಯಾವ ಪುಟದಲ್ಲಿ ಎಷ್ಟು ಹೊತ್ತು ನಿಂತನೆಂಬುದರಿಂದ ಅವನ ಬಯಕೆಯನ್ನು ಊಹಿಸಿ ಜಾಹೀರಾತುದಾರರಿಗೆ ಒದಗಿಸುವ ಇಂದಿನ ವ್ಯಾಪಾರವು ಈ ಮೂರನೆಯದಕ್ಕೆ ಅತಿ ಸಮೀಪದ್ದಾಗಿದೆ.

‘ಮುಚ್ಚಿಡುವಂಥದು ನಮ್ಮಲ್ಲಿ ಏನಿದೆ?’ ಎಂದು ಕೆಲವರು ಕೇಳುವುದುಂಟು. ತನ್ನ ವಿಷಯದಲ್ಲಿ ಹಾಗೆನ್ನಲು ಪ್ರತಿಯೊಬ್ಬನಿಗೂ ಅಧಿಕಾರವಿದೆ. ಪರರ ವಿಷಯದಲ್ಲಿ ಇಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಗೋಪ್ಯತೆಯು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. 2023ರಲ್ಲಿ ಸಂಸತ್ತು ವೈಯಕ್ತಿಕ ದತ್ತಾಂಶದ ರಕ್ಷಣೆಗಾಗಿ ಅಧಿನಿಯಮವನ್ನೂ ಅಂಗೀಕರಿಸಿತು. ಆದರೆ ವ್ಯಕ್ತಿಯೊಬ್ಬನು ತನ್ನ ಸ್ವಂತ ಇಲ್ಲವೆ ಮನೆಯ ಕೆಲಸಕ್ಕಾಗಿ ಬಳಸುವ ಮಾಹಿತಿಗೆ ಆ ಅಧಿನಿಯಮ ಅನ್ವಯಿಸುವುದಿಲ್ಲ. ರಾಜದಂಡವು ಎಲ್ಲಿ ನಿಲ್ಲುತ್ತದೆಯೋ ಅಲ್ಲಿಂದ ಮುಂದೆ ವ್ರತವೇ ಕಾಯಬೇಕು.

ಹಿಂಸೆಯ ಲಕ್ಷಣವನ್ನು ಹೇಳುವಾಗ ಆಚಾರ್ಯರು ಪ್ರಮಾದವನ್ನು ಮುಖ್ಯವಾಗಿ ಎಣಿಸಿದರು. ಯಂತ್ರವು ಬಂದಂತೆಯೇ ಅದನ್ನು ಬಳಸುತ್ತ ಹೋಗುವುದೂ ಪ್ರಮಾದವೇ. 2015ರಲ್ಲಿ ಬಂದ ವಿಂಡೋಸ್ 10ರಲ್ಲಿ ತ್ವರಿತ ಸ್ಥಾಪನೆಯನ್ನು ಆರಿಸಿದವರಿಗೆ ಜಾಹೀರಾತಿನ ಗುರುತುಸಂಖ್ಯೆ ತಾನಾಗಿಯೇ ಚಾಲನೆಗೊಳ್ಳುತ್ತಿತ್ತು. 2021ರ ಏಪ್ರಿಲ್‌ನಿಂದ ಐಪ್ಯಾಡ್‌ನಲ್ಲಿ, ಬಳಕೆದಾರನನ್ನು ಬೇರೆ ಸಂಸ್ಥೆಗಳ ತಾಣಗಳವರೆಗೂ ಹಿಂಬಾಲಿಸಬಯಸುವ ತಂತ್ರಾಂಶವು ಮೊದಲು ಅನುಮತಿ ಕೇಳಬೇಕಾಯಿತು. ಕೇಳಿದಾಗ ಓದಿ ಉತ್ತರಿಸುವುದಾದರೂ ಬಳಕೆದಾರನ ಕರ್ತವ್ಯವಲ್ಲವೆ?

ಬಸದಿಗಳ ಟ್ರಸ್ಟುಗಳ ಹೊಣೆ ಇನ್ನೂ ದೊಡ್ಡದು. ತೆರಿಗೆ ರಿಯಾಯಿತಿಯ ಕಾರಣದಿಂದ ದಾನಿಗಳ ಪ್ಯಾನ್ ಅಥವಾ ಆಧಾರ್ ಸಂಖ್ಯೆ, ದಾನದ ಮೊತ್ತ, ವಿಳಾಸಗಳು ಕಚೇರಿಯ ಗಣಕಯಂತ್ರದಲ್ಲಿರುತ್ತವೆ. ಬಂದವರೆಲ್ಲರೂ ಒಂದೇ ಗುಪ್ತಪದದಿಂದ ತೆರೆಯುವ ಯಂತ್ರವು ಬೀಗವಿಲ್ಲದ ಭಂಡಾರಕ್ಕೆ ಸಮಾನ. ಕೆಲಸ ಮಾಡುವವರಿಗೆ ಬೇರೆ ಬೇರೆ ಪ್ರವೇಶ, ದಾನಿಗಳ ಕಡತಕ್ಕೆ ಪ್ರತ್ಯೇಕ ರಕ್ಷಣೆ, ಯಂತ್ರವನ್ನು ಮಾರುವ ಮುನ್ನ ಅದರೊಳಗಿನದನ್ನು ಪೂರ್ಣವಾಗಿ ಅಳಿಸುವುದು ಇವು ಕಷ್ಟಸಾಧ್ಯವಲ್ಲ. ದಾನಿಯು ತಾನು ಏನೇನು ಬರೆದುಕೊಟ್ಟಿದ್ದೆನೆಂದು ಮರೆತಿರಬಹುದು. ಒತ್ತೆ ಹಿಡಿದವನು ಮರೆಯಬಾರದು.

ಮನೆಗಳಲ್ಲಿ ತಿಂಗಳಿಗೊಮ್ಮೆ ಹಿರಿಯರೂ ಮಕ್ಕಳೂ ಒಟ್ಟಿಗೆ ಕುಳಿತು, ಯಾವ ತಂತ್ರಾಂಶಕ್ಕೆ ಛಾಯಾಚಿತ್ರ, ಧ್ವನಿ, ಸ್ಥಳ, ಸಂಪರ್ಕಗಳ ಅನುಮತಿ ಇದೆಯೆಂದು ನೋಡಿ, ಬೇಡವಾದುದನ್ನು ಹಿಂತೆಗೆದುಕೊಳ್ಳುವುದು ಉಚಿತ. ಅದು ಪರಿಗ್ರಹವನ್ನು ಪರಿಮಿತಗೊಳಿಸುವ ಅಭ್ಯಾಸವೂ ಆಗುತ್ತದೆ. ನಂಬಿ ಕೊಟ್ಟವರ ನಂಬಿಕೆಯನ್ನು ಯಾರೂ ನೋಡದಿರುವಲ್ಲಿಯೂ ಕಾಯುವವನೇ ನಿಜವಾದ ಶ್ರಾವಕನು.