ಕಾಲು ಹೋದರೆ ಬಾಳು ಹೋಯಿತೇ?



ತಾಯಲೂರಿನ ಕಡೆಯಿಂದ ನಸುಕಿನಲ್ಲೇ ಟೊಮೇಟೊ ಹೇರಿಕೊಂಡು ಹೊರಡುವ ಗಾಡಿಗಳನ್ನು ನೀವು ಕಂಡಿದ್ದೀರಿ. ಮುಳಬಾಗಿಲಿನ ಹೆದ್ದಾರಿ ಸೇರಿದ ಮೇಲೆ ಲಾರಿಗಳ ನಡುವೆ ಒಂದು ಬೈಕು ಎಷ್ಟು ಮಾತ್ರದ್ದು! ಅಲ್ಲಿ ಬಿದ್ದ ಒಬ್ಬ ಮಗನನ್ನು ಮನಸ್ಸಿಗೆ ತಂದುಕೊಳ್ಳಿ. ಮೊಣಕಾಲಿನ ಕೆಳಗೆ ಚಕ್ರ ಹರಿದಿದೆ. ಮೂಳೆ ಪುಡಿಯಾಗಿದೆ, ಪಾದ ತಣ್ಣಗಾಗಿದೆ. ವೈದ್ಯರು ಕಾಗದ ಹಿಡಿದು ಬಂದು ಕೇಳುತ್ತಾರೆ: "ಉಳಿಸಲು ಪ್ರಯತ್ನಿಸೋಣವೇ, ತೆಗೆದುಬಿಡೋಣವೇ?" ತಾಯಿ, "ದೇವರು ಕೊಟ್ಟ ಕಾಲು, ಕಡಿಯಬೇಡಿ" ಎಂದು ಅಳುತ್ತಾಳೆ. ತಂದೆ ಮಾತಿಲ್ಲದೆ ಗೋಡೆ ನೋಡುತ್ತಾನೆ. ಆಗ ಗುರುವಿನ ಮುಂದೆ ಬರುವ ಪ್ರಶ್ನೆ: "ಸ್ವಾಮಿ, ಕಾಲು ತೆಗೆಸಿದರೆ ಪಾಪವೇ?"

ಅಲ್ಲ. 13ನೇ ಶತಮಾನದಲ್ಲೇ ಸಂತ ತೋಮಸ್ ಅಕ್ವಿನಾಸರು ಇದನ್ನು ವಿಚಾರಿಸಿದ್ದರು. ಅಂಗವಿರುವುದು ಇಡೀ ದೇಹದ ಒಳಿತಿಗಾಗಿ. ಕೆಟ್ಟ ಅಂಗದಿಂದ ಇಡೀ ದೇಹಕ್ಕೆ ಅಪಾಯವಿದ್ದರೆ ಅದನ್ನು ತೆಗೆಯುವುದು ನ್ಯಾಯ ಎಂದರು. ಜೊತೆಗೆ ಇನ್ನೊಂದು ಮಾತು ಸೇರಿಸಿದರು: ಆ ಅಂಗ ಯಾರದೋ ಅವರ ಒಪ್ಪಿಗೆ ಬೇಕು. ಮಗನಿಗೆ ಪ್ರಜ್ಞೆಯಿದ್ದರೆ ಅವನಿಂದ ಮುಚ್ಚಿಡಬೇಡಿ. ಅವನ ಕೈ ಹಿಡಿದು ಸತ್ಯ ಹೇಳಿ, ಅವನ ಮಾತು ಕೇಳಿ.

ಹಾಗಾದರೆ ಬೇಡವೆನ್ನುವುದು ಪಾಪವೇ? 16ನೇ ಶತಮಾನದ ದೇವಶಾಸ್ತ್ರಜ್ಞರು ಅಂಗ ಕತ್ತರಿಸುವ ಘೋರ ನೋವನ್ನು ಯಾರ ಮೇಲೂ ಕಡ್ಡಾಯವಾಗಿ ಹೊರಿಸಲಿಲ್ಲ. ಆಗ ಅರಿವಳಿಕೆಯೇ ಇರಲಿಲ್ಲ. 1957ರಲ್ಲಿ ಪೋಪ್ 12ನೇ ಪಿಯುಸರೂ, ವ್ಯಕ್ತಿ, ಸ್ಥಳ, ಕಾಲಗಳಿಗೆ ತಕ್ಕ ಸಾಮಾನ್ಯ ಉಪಾಯಗಳಿಗೆ ಮಾತ್ರ ನಾವು ಬದ್ಧರು ಎಂದರು. ಆದರೆ ಇಂದು ಅರಿವಳಿಕೆಯಿದೆ, ಕೃತಕ ಕಾಲಿದೆ. ಕಾಲು ಉಳಿಯದು, ಜೀವವೇ ಹೋಗಬಹುದು ಎಂದು ವೈದ್ಯರು ಹೇಳಿದಾಗ, ಪವಾಡಕ್ಕೆ ಕಾಯುತ್ತ ಕೂರುವುದು ವಿಶ್ವಾಸವಲ್ಲ. ವಿಶ್ವಾಸದ ವೇಷ ತೊಟ್ಟ ಭಯ.

ಕಷ್ಟವಿರುವುದು ಎರಡೂ ಸಾಧ್ಯವಿರುವಾಗ. ರಕ್ತ ಹರಿಯದೆ ಸುಮಾರು 6 ಗಂಟೆ ಕಳೆದರೆ ಮಾಂಸಖಂಡ ಸಾಯತೊಡಗುತ್ತದೆ, ತಡಮಾಡುವಂತಿಲ್ಲ. ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ವೈದ್ಯರು ಇಂಥ ಗಾಯಗಳನ್ನು ಅಳೆಯಲು ಅಂಕಗಳ ಕ್ರಮವೊಂದನ್ನು ರೂಪಿಸಿದ್ದಾರೆ. ಅದರಲ್ಲೂ ಉಳಿಸುವುದೋ ತೆಗೆಯುವುದೋ ಎಂದು ಅಂಕಗಳೇ ಹೇಳಲಾರದ ನಡುಜಾಗವಿದೆ. ಅಮೆರಿಕದ 8 ದೊಡ್ಡ ಕೇಂದ್ರಗಳಲ್ಲಿ 569 ಗಾಯಾಳುಗಳನ್ನು ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. 2 ವರ್ಷಗಳ ನಂತರ ಕಾಲು ಉಳಿಸಿಕೊಂಡವರ ಮತ್ತು ಕಳೆದುಕೊಂಡವರ ಬದುಕಿನ ಸ್ಥಿತಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಎರಡೂ ಕಡೆ ಅರ್ಧದಷ್ಟು ಜನ ಕೆಲಸಕ್ಕೆ ಮರಳಿದ್ದರು. ಆದರೆ ಉಳಿಸಿಕೊಂಡವರಲ್ಲಿ 100ಕ್ಕೆ ಸುಮಾರು 48 ಮಂದಿ ಮತ್ತೆ ಆಸ್ಪತ್ರೆ ಸೇರಬೇಕಾಯಿತು. ಕಳೆದುಕೊಂಡವರಲ್ಲಿ ಸುಮಾರು 34. ಬಡತನ, ಧೂಮಪಾನ, ಜೊತೆಗೆ ನಿಲ್ಲುವವರಿಲ್ಲದ ಒಂಟಿತನ ಇವು ಎರಡೂ ಗುಂಪಿನವರನ್ನು ಹಿಂದಕ್ಕೆಳೆದವು.

ಕಾಲು ಉಳಿಸಿಕೊಳ್ಳುವ ಬೆಲೆ ಏನೆಂಬುದನ್ನು ಸಂತ ಇಗ್ನೇಷಿಯಸ್ ಲೊಯೋಲರು ಬಲ್ಲರು. 1521ರಲ್ಲಿ ಪಾಂಪ್ಲೋನದ ಕೋಟೆಯಲ್ಲಿ ಫಿರಂಗಿ ಗುಂಡು ಅವರ ಕಾಲನ್ನು ಮುರಿಯಿತು. ತಪ್ಪಾಗಿ ಕೂಡಿದ ಮೂಳೆಯನ್ನು ಮತ್ತೆ ಮುರಿದು ಜೋಡಿಸಿದರು. ಆಮೇಲೆ ಚಾಚಿಕೊಂಡಿದ್ದ ಮೂಳೆಯನ್ನು ಅವರೇ ಕೇಳಿಕೊಂಡು ಕೊಯ್ಯಿಸಿದರು, ಅಂದದ ಬೂಟು ತೊಡುವ ಆಸೆಯಿಂದ! ಆದರೂ ಕುಂಟು ಹೋಗಲಿಲ್ಲ. ಕುಂಟುತ್ತಲೇ ಅವರು ಜೆರೂಸಲೇಮಿಗೆ ಹೋದರು, ಯೇಸುಸಭೆಯನ್ನು ಕಟ್ಟಿದರು. ದೇವರಿಗೆ ಬೇಕಾಗಿದ್ದುದು ಅವರ ನೆಟ್ಟನೆಯ ಕಾಲಲ್ಲ.

ಕುಂಟನಾಗಿಯೇ ಜೀವವನ್ನು ಪ್ರವೇಶಿಸುವುದು ಲೇಸೆಂದು ಪ್ರಭು ಹೇಳಿದ್ದು ಮಾರ್ಕನ ಶುಭಸಂದೇಶದಲ್ಲಿದೆ. ಅದು ಪಾಪವನ್ನು ಕುರಿತ ಮಾತು, ಶಸ್ತ್ರಚಿಕಿತ್ಸೆಯದಲ್ಲ. ಆದರೂ ಅದರೊಳಗೆ ಒಂದು ಸಾಂತ್ವನವಿದೆ: ಕುಂಟುತ್ತ ಬಂದವನಿಗೂ ಅಲ್ಲಿ ಬಾಗಿಲು ತೆರೆದಿದೆ.

ಆದ್ದರಿಂದ ಪ್ರಿಯರೇ, ವೈದ್ಯರನ್ನು ಧೈರ್ಯವಾಗಿ ಕೇಳಿ: ಎಷ್ಟು ಶಸ್ತ್ರಚಿಕಿತ್ಸೆ? ಎಷ್ಟು ತಿಂಗಳು? ಎಷ್ಟು ಖರ್ಚು? ಮೊಣಕಾಲು ಉಳಿಯುತ್ತದೆಯೇ? ಅದು ಉಳಿದರೆ ಕೃತಕ ಕಾಲಿನಲ್ಲಿ ನಡೆಯುವುದು ಸುಲಭ. ನಮ್ಮ ದೇಶದ ಜೈಪುರ ಕಾಲು ತೊಟ್ಟವರು ಬರಿಗಾಲಲ್ಲಿ ಹೊಲದಲ್ಲೂ ನಡೆಯಬಲ್ಲರು. ಕೇಳಿ, ಪ್ರಾರ್ಥಿಸಿ, ನಿರ್ಧರಿಸಿ. ನಿರ್ಧರಿಸಿದ ಮೇಲೆ, "ಅಂದು ಹಾಗೆ ಮಾಡಬೇಕಿತ್ತು" ಎಂದು ಒಬ್ಬರನ್ನೊಬ್ಬರು ಚುಚ್ಚಬೇಡಿ.

ಉಳಿದ ಭಾರ ಧರ್ಮಕೇಂದ್ರದ್ದು, ಎಂದರೆ ನಮ್ಮದು. ಕಾಲು ಉಳಿಸಿಕೊಂಡವನ ಗಾಯಕ್ಕೆ ತಿಂಗಳುಗಟ್ಟಲೆ ಡ್ರೆಸ್ಸಿಂಗ್ ಬೇಕು. ಅವನ ಹಸುವಿಗೆ ಮೇವು ಹಾಕುವವರು ಯಾರು? ಕಾಲು ಕಳೆದುಕೊಂಡವನು ಬಲಿಪೂಜೆಗೆ ಬಂದಾಗ ದೇವಾಲಯದ ಮೆಟ್ಟಿಲಲ್ಲಿ ಕೈಕೊಡುವವರು ಯಾರು? ಪುನರುತ್ಥಾನರಾದ ಪ್ರಭು ತಮ್ಮ ಗಾಯಗಳನ್ನು ಮರೆಮಾಡಲಿಲ್ಲ, ತೋಮನಿಗೆ ತೋರಿಸಿದರು. ನಮ್ಮ ನಡುವಿನ ಗಾಯಾಳು ತನ್ನ ಗಾಯವನ್ನು ನಾಚದೆ ತೋರಿಸುವಂಥ ಸಭೆ ನಮ್ಮದಾಗಲಿ.